ಕಾಕಾನ ಫೈಲು

9 ನವೆಂಬರ್ 2025, ಭಾನುವಾರ
ವಿಜಯಪುರ

ಊಟ ಆದ ಮೇಲೆ ಕಾಕಾ ಟ್ರಂಕಿನಿಂದ ಹಳೇ ಫೈಲು ತೆಗೆದರು. 2016ರ ಬಯೋಡೇಟಾ. ಪಿನ್ನು ತುಕ್ಕು ಹಿಡಿದು ಅವರ ಫೋಟೋದ ಹಣೆ ಮೇಲೆ ಕೆಂಪು ಕಲೆ ಆಗಿದೆ.

ಆ ವರ್ಷ ಜಿಲ್ಲಾ ಪಂಚಾಯ್ತಿ ಚುನಾವಣೆ ಟಿಕೆಟ್‌ಗೆ ಇವರ ಹೆಸರೇ ಮೊದಲು ಹೋಗಿತ್ತು. ನಾಮಪತ್ರದ ಕೊನೇ ದಿನ ಬೆಳಿಗ್ಗೆ ನೋಡಿದರೆ ಬಿ ಫಾರಂ, ಅಂದರೆ ಪಕ್ಷ ಟಿಕೆಟ್ ಕೊಟ್ಟ ಪತ್ರ, ಬೇರೆಯವರ ಕೈಯಲ್ಲಿ. "ಗೆಲ್ಲೂ ಕುದುರಿ ಬೇಕಂದ್ರು" ಅಂದರು ಕಾಕಾ. ಯಾರು ಅಳೆದರು, ಹೇಗೆ ಅಳೆದರು, ಇವತ್ತಿಗೂ ಗೊತ್ತಿಲ್ಲ.

"ಕಾಯ್ದೆ ಏನೈತಿ, ನೋಡಿ ಹೇಳವಾ."

ಮೊಬೈಲಲ್ಲೇ ಹುಡುಕಿ ಓದಿದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ ಪಕ್ಷದ ನೋಂದಣಿಗೆ. ಎಂಎಲ್‌ಎ, ಎಂಪಿ ಚುನಾವಣೆಯಲ್ಲಿ ಕೊನೇ ದಿನ 3 ಗಂಟೆಯೊಳಗೆ ಬಿ ಫಾರಂ ತಲುಪಬೇಕು, ಅಧಿಕಾರ ಇದ್ದವರ ಸಹಿ ಇರಬೇಕು ಅನ್ನೋದು 1968ರ ಚಿಹ್ನೆ ಆದೇಶ. ಸಹಿ ಹಾಕುವವರು ಯಾರನ್ನು ಕೇಳಿ ಹಾಕಬೇಕು ಅನ್ನೋದು ಎರಡರಲ್ಲೂ ಇಲ್ಲ. ಅದನ್ನು ಪಕ್ಷಕ್ಕೇ ಬಿಟ್ಟಿದ್ದಾರೆ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮಾತ್ರ ಒಂದು ಮಾತು ಹೇಳಿದೆ. ಕ್ರಿಮಿನಲ್ ಕೇಸ್ ಇದ್ದವರಿಗೆ ಟಿಕೆಟ್ ಕೊಟ್ಟರೆ ಯಾಕೆ ಕೊಟ್ಟೆವು ಅಂತ ಪಕ್ಷ ಜನರಿಗೆ ತಿಳಿಸಬೇಕು. ಬರೀ ಗೆಲ್ತಾರೆ ಅನ್ನೋದು ಕಾರಣ ಆಗಲ್ಲ.

ಕಾಕಾ ಬಹಳ ಹೊತ್ತು ಸುಮ್ಮನೆ ಕೂತರು.

"ಕೇಸ್ ಇದ್ದವ್ರಿಗೆ ಯಾಕ ಕೊಟ್ವಿ ಅಂತ ಹೇಳಬೇಕು. ನನ್ನ ಮ್ಯಾಲ ಒಂದೂ ಕೇಸಿಲ್ಲ. ನನಗ್ಯಾಕ ಕೊಡಲಿಲ್ಲ ಅಂತ ಯಾರ್ ಹೇಳ್ತಾರ?"

ಕರುಳು ಚುರ್ ಅಂತು. ಇಪ್ಪತ್ತು ವರ್ಷ ಪೋಸ್ಟರ್ ಹಚ್ಚಿದ ಕೈ ಅದು.

ಫೈಲಿನ ಕೊನೆಗೆ ಇನ್ನೊಂದು ಬಯೋಡೇಟಾ ಇತ್ತು. ಹೊಸದು. ಚಿಗವ್ವನದು! ಫೋಟೋ ಯಾವುದೋ ಮದುವೆಯದು, ಕತ್ತರಿಸಿ ಅಂಟಿಸಿದ್ದಾರೆ, ಪಕ್ಕದವರ ಭುಜ ಹಾಗೇ ಉಳಿದಿದೆ. ಜಿಲ್ಲಾ ಪಂಚಾಯ್ತಿ ಅವಧಿ 2021ರಲ್ಲೇ ಮುಗಿದಿದೆ, ಚುನಾವಣೆ ಇನ್ನೂ ಇಲ್ಲ. ಆದ ದಿನ ಸೀಟು ಹೆಣ್ಮಕ್ಕಳಿಗೆ ಬಂದರೆ ಇರಲಿ ಅಂತ ಕಾಕಾ ಮಾಡಿಸಿಟ್ಟಿದ್ದಾರೆ.

ಒಳಗೆ ಹೋದೆ. ಚಿಗವ್ವ ಜೋಳದ ಹಿಟ್ಟು ಸಾಣಿಸುತ್ತಿದ್ದಳು.

"ಚಿಗವ್ವಾ, ನೀ ಎಲೆಕ್ಷನ್‌ಗೆ ನಿಲ್ತಿಯೇನು?"

ಸಾಣಿಗೆ ನಿಂತಿತು. "ಯಾರಂದ್ರು? ನನ್ನ ಯಾರೂ ಕೇಳಿಲ್ಲಲ್ಲವಾ."

ಹೊರಗೆ ಕಾಕಾಗೆ ಕೇಳಿಸಿತು. ಟ್ರಂಕು ಮುಚ್ಚಿದ ಸದ್ದು ಬಂತು. ಚಹಾ ಕುಡಿಯುವಾಗ ಯಾರೂ ಆ ಮಾತು ಎತ್ತಲಿಲ್ಲ.

ಓಣಿಯ ಸ್ವಸಹಾಯ ಸಂಘದ ಲೆಕ್ಕ ಬರೆಯೋದು ಚಿಗವ್ವನೇ. ನಿಂತರೆ ಚೆನ್ನಾಗೇ ಮಾಡ್ತಾಳೆ, ನನಗೆ ಖಾತ್ರಿ ಇದೆ. ಆದರೆ ಮೊದಲು ಅವಳನ್ನ ಕೇಳಬೇಕಲ್ವಾ? ನಾಳೆ ಕಾಕಾ ಹೊಲಕ್ಕೆ ಹೋದ ಮೇಲೆ ಫೋನ್ ಮಾಡ್ತೀನಿ. ಏನಂತ ಶುರು ಮಾಡಲಿ ಅಂತ ಯೋಚಿಸ್ತಾ ಇದೀನಿ.