ವಾಣಿವಿಲಾಸ (ವಿವಿ) ಸಾಗರದಲ್ಲಿ ಹುಟ್ಟು ಹಾಕುವ ತರಬೇತಿ: 7ರಿಂದ 9ನೇ ವಾರದ ಲೆಕ್ಕ

7ನೇ ವಾರ

ಆಷಾಢದ ಗಾಳಿ ಇನ್ನೂ ಇಳಿದಿಲ್ಲ. ಚಿತ್ರದುರ್ಗ ಬಿಡುವಾಗ ಮಬ್ಬು ಬೆಳಕಿನಲ್ಲೇ ಗುಡ್ಡದ ಮೇಲಿನ ಗಾಳಿಯಂತ್ರಗಳು ಭರದಿಂದ ತಿರುಗುತ್ತಿದ್ದರೆ ಮಾರಿಕಣಿವೆ, ಅಂದರೆ ಇದೇ ವಿವಿ ಸಾಗರದ ಹಿನ್ನೀರಿಗೆ ಸಿಂಗಲ್ ಬೋಟ್ (ಒಬ್ಬರೇ ಎರಡು ಹುಟ್ಟು ಹಾಕುವ ಸ್ಪರ್ಧಾ ದೋಣಿ) ಇಳಿಸುವ ಮಾತೇ ಇಲ್ಲ. ತಿರುಗದಿದ್ದ ದಿನವೂ ಸಿಗುವುದು ಆರರಿಂದ ಏಳೂವರೆವರೆಗಿನ ನೀರು ಮಾತ್ರ. ಆಮೇಲೆ ಅಲೆ ರಿಗ್ಗರ್‌ಗೆ, ಅಂದರೆ ಬೋಟಿನ ಪಕ್ಕದಲ್ಲಿ ಹುಟ್ಟನ್ನು ಹಿಡಿದಿಡುವ ಚೌಕಟ್ಟಿಗೆ, ಬಡಿಯುತ್ತದೆ.

ಈ ಒಂದೂವರೆ ಗಂಟೆಗೆ ಎರಡು ಹಕ್ಕುದಾರರು: ಮಹಿಳಾ ಸಿಂಗಲ್ ಸ್ಪರ್ಧೆಗೆ ಕೋಚ್ ತಾನೇ ಮಾಡುತ್ತಿರುವ ತಯಾರಿ, ಮತ್ತೆ 14ರಿಂದ 16 ವಯಸ್ಸಿನ ಆರು ಮಕ್ಕಳು. ಆರು ವಾರ ಹಂಚಿಕೊಂಡು ನೋಡಿದ್ದಾಯಿತು, ಎರಡೂ ಕೆಟ್ಟವು. ಈ ವಾರದಿಂದ ತಿಳಿನೀರು ಪೂರ್ತಿ ಮಕ್ಕಳಿಗೆ. ಬ್ಲೇಡನ್ನು (ಹುಟ್ಟಿನ ಅಗಲ ತುದಿ) ನೀರಿಗೆ ಇಡುವುದು, ಎರಡು ಹಿಡಿಕೆ ಒಂದರ ಮೇಲೊಂದು ಹಾಯುವಾಗ ಎಡಗೈ ಮೇಲೆ ಬಲಗೈ ಕೆಳಗೆ ಇರುವುದು, ಇವನ್ನು ಅಲ್ಲಾಡುವ ನೀರಿನಲ್ಲಿ ಕಲಿಸಲಾಗದು. ಕೋಚ್‌ನ ದಮ್ಮಿನ ಕೆಲಸ ಎರ್ಗೊ (ನೆಲದ ಮೇಲಿನ ಹುಟ್ಟು ಯಂತ್ರ) ಮೇಲೂ ಆಗುತ್ತದೆ.

ಒಂದು ಮೋಸದ ಲೆಕ್ಕವನ್ನು ಪುಸ್ತಕದಿಂದ ಹೊಡೆದು ಹಾಕಿದ್ದೇವೆ. ಮಕ್ಕಳ ಪಕ್ಕದಲ್ಲಿ ಬೋಟ್ ನಡೆಸಿದ 8 ಕಿ.ಮೀ.ಯನ್ನು ಇದುವರೆಗೆ ‘ತರಬೇತಿ’ ಎಂದೇ ಬರೆಯಲಾಗುತ್ತಿತ್ತು. ಎರಡು ನಿಮಿಷ ಹುಟ್ಟು, ಮೂರು ನಿಮಿಷ ನಿಂತು ಮಾತು. ಇದರಲ್ಲಿ ಹೃದಯ ಬಡಿತ ಒಂದು ಮಟ್ಟದಲ್ಲಿ ನಿಲ್ಲುವುದೇ ಇಲ್ಲ. ಅದು ಪಾಠ, ತರಬೇತಿಯಲ್ಲ.

8ನೇ ವಾರ

ವಾರದ ಬಹುಪಾಲು ಜಾಲಿಗೇ ಹೋಯಿತು. 1933ರ ನಂತರ ಈ ಜಲಾಶಯ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ದಶಕಗಳಲ್ಲಿ ಒಣಗಿದ್ದ ಅಂಚಿನಲ್ಲಿ ಬೆಳೆದ ಬಳ್ಳಾರಿ ಜಾಲಿ ಈಗ ನೀರಿನಡಿ ನಿಂತಿದೆ. ಸಿಂಗಲ್ ಸುಮಾರು 8 ಮೀಟರ್ ಉದ್ದ, ನಿಯಮದಂತೆ ಕನಿಷ್ಠ ತೂಕ 14 ಕಿಲೋ. ತಳದ ಸಿಪ್ಪೆ ಎಷ್ಟು ತೆಳು ಎಂದು ಇದರಲ್ಲೇ ತಿಳಿಯುತ್ತದೆ. ಕೊಂಬೆ ತಾಗಿದರೆ ಮೊದಲು ಹೋಗುವುದು ಫಿನ್, ತಳದ ಚಿಕ್ಕ ರೆಕ್ಕೆ. ಅದು ಮುರಿದರೆ ಬೋಟ್ ನೆಟ್ಟಗೆ ಹೋಗುವುದಿಲ್ಲ, ಮಗು ತನ್ನ ಕೈಯದೇ ತಪ್ಪು ಅಂದುಕೊಂಡು ಒಂದು ಕಡೆ ಜಾಸ್ತಿ ಎಳೆಯುತ್ತದೆ.

ದಾರಿ ಗುರುತಿಸಿದ ಬಗೆ: ಹರಿಗೋಲಿನಲ್ಲಿ ಕೂತು, ಒಂದೂವರೆ ಮೀಟರ್‌ಗೆ ಕೆಂಪು ಬಟ್ಟೆ ಕಟ್ಟಿದ ಬಿದಿರಿನ ಗಳದಿಂದ ಐದೈದು ಮೀಟರ್‌ಗೆ ತಡವುವುದು. ಗಳ ತಡೆದಲ್ಲಿ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್, ನೈಲಾನ್ ಹಗ್ಗ, ಕಲ್ಲು. ಹೀಗೆ 750 ಮೀಟರ್ ನೇರ ದಾರಿ ಸಿಕ್ಕಿದೆ. ಆದರೆ ಇದು ಶಾಶ್ವತ ಅಲ್ಲ. ಪತ್ರಿಕೆಯಲ್ಲಿ ಬರುವ ಜಲಾಶಯ ಮಟ್ಟ ಒಂದು ಅಡಿ ಇಳಿದರೂ ಮತ್ತೆ ತಡವಬೇಕು, ನಿನ್ನೆ ಆಳದಲ್ಲಿದ್ದ ಕೊಂಬೆ ಇವತ್ತು ಫಿನ್‌ಗೆ ಸಿಗುತ್ತದೆ. ಮೀನುಗಾರರ ಬಲೆ ಎಲ್ಲಿದೆ ಎಂದು ಹಿಂದಿನ ಸಂಜೆಯೇ ಕೇಳಿಟ್ಟುಕೊಳ್ಳುವುದು ಮೇಲು. ಹುಟ್ಟು ಹಾಕುವವರು ಕೂರುವುದೇ ಹಿಂದುಮುಂದಾಗಿ, ಐದು ಎಳೆತಕ್ಕೊಮ್ಮೆ ಹೆಗಲ ಮೇಲಿಂದ ನೋಡಲೇಬೇಕು.

ಮಗುಚಿದಾಗಿನ ಅಭ್ಯಾಸವನ್ನೂ ಮುಗಿಸಿದೆವು. ಸೋರೆ ಬುರುಡೆ ಕಟ್ಟಿ ಬಾವಿಯಲ್ಲಿ ಈಜು ಕಲಿತ ಮಕ್ಕಳಿಗೆ ನೀರಿನ ಭಯವಿಲ್ಲ, ಅದೇ ತೊಂದರೆ. ಬೋಟ್ ಮಗುಚಿದ ಕೂಡಲೇ ಅದನ್ನು ಬಿಟ್ಟು ದಡಕ್ಕೆ ಈಜಲು ಹೊರಡುತ್ತಾರೆ. ಮಗುಚಿದ ಬೋಟೇ ತೇಲುವ ಆಸರೆ, ಅದನ್ನು ಬಿಡಬಾರದು. ಜೀವರಕ್ಷಕ ಜಾಕೆಟ್ ಮಕ್ಕಳ ಮೈಮೇಲೇ ಇರಬೇಕು. ನೀರಿಗಿಳಿಯುವ ಮೊದಲು ಹಿಮ್ಮಡಿ ದಾರ (ಶೂವಿನ ಹಿಮ್ಮಡಿ ಮೇಲೇಳದಂತೆ ಹಿಡಿದು ಕಾಲು ಹೊರಬರಲು ನೆರವಾಗುವುದು), ಒಂದೇ ಕೈಯಲ್ಲಿ ಎಳೆದರೆ ಎರಡೂ ಶೂ ಬಿಚ್ಚುವ ದಾರ, ಡಿಕ್ಕಿಯಲ್ಲಿ ಗಾಯ ತಡೆಯಲು ಬೋಟಿನ ಮೂತಿಗಿರುವ ಬಿಳಿ ಚೆಂಡು, ಈ ಮೂರನ್ನು ಮುಟ್ಟಿ ನೋಡುವುದು ಈಗ ಮಕ್ಕಳದೇ ಕೆಲಸ.

ರಿಗ್ಗಿಂಗ್ (ಹುಟ್ಟು, ಚೌಕಟ್ಟಿನ ಅಳತೆ ಹೊಂದಿಸುವುದು): ದೊಡ್ಡವರ ಸ್ಪ್ಯಾನ್ (ಎರಡು ಹುಟ್ಟು ಆನುವ ಕೀಲುಗಳ ನಡುವಿನ ಅಂತರ) 160 ಸೆಂ.ಮೀ., ಒಳಗೈ (ಕೀಲಿನಿಂದ ಹಿಡಿಕೆ ತುದಿಯವರೆಗಿನ ಹುಟ್ಟಿನ ಉದ್ದ) 88. ಮಕ್ಕಳಿಗೆ 158 ಮತ್ತು 87. ಅರ್ಧ ಸ್ಪ್ಯಾನ್‌ಗೆ 8 ಕೂಡಿಸಿದರೆ ಒಳಗೈ ಬರುತ್ತದೆ, ಲೆಕ್ಕ ಅಷ್ಟೇ. ಸ್ಪ್ಯಾನ್ ಬದಲಿಸಿ ಒಳಗೈ ಮರೆತರೆ ಹಿಡಿಕೆಗಳು ಒಂದಕ್ಕೊಂದು ತಾಗಿ ಗೆಣ್ಣಿನ ಚರ್ಮ ಹೋಗುತ್ತದೆ. ಬ್ಲೇಡಿನ ಓರೆ 4 ಡಿಗ್ರಿ. ಕಡಿಮೆಯಾದರೆ ಬ್ಲೇಡ್ ಆಳಕ್ಕೆ ಧುಮುಕಿ ಹಿಡಿಕೆ ಹೊಟ್ಟೆಗೆ ಗುದ್ದುತ್ತದೆ, ಹೆಚ್ಚಾದರೆ ಎಳೆತದ ಕೊನೆಗೆ ಮೇಲೆ ಜಾರುತ್ತದೆ. ಮಕ್ಕಳ ಹಿಮ್ಮಡಿ ಬೇಗ ಏಳುತ್ತಿದ್ದರೆ ಬೈಯುವ ಬದಲು ಫುಟ್‌ಸ್ಟ್ರೆಚರ್ (ಶೂ ಇರುವ ಹಲಗೆ) ಒಂದು ತೂತು ಕೆಳಗಿಳಿಸಿ ನೋಡಿ.

ಎಳೆತ ಮುಗಿಸಿ ಮುಂದಿನದಕ್ಕೆ ಮರಳುವಾಗಿನ ಎಣಿಕೆ ‘ಕೈ, ನಡ, ಮಂಡಿ’. ಮಂಡಿ ಮೊದಲು ಮಡಚಿದರೆ ಹಿಡಿಕೆ ಅದನ್ನು ದಾಟಲು ಮೇಲೇರಬೇಕು, ಬ್ಲೇಡ್ ನೀರಿಗೆ ಬಡಿದು ಬೋಟ್ ವಾಲುತ್ತದೆ. ವಾಲಿದ್ದಕ್ಕೆ ಕಾರಣ ‘ಬ್ಯಾಲೆನ್ಸ್ ಇಲ್ಲ’ ಎನ್ನುವವರೇ ಜಾಸ್ತಿ. ನೂರಕ್ಕೆ ತೊಂಬತ್ತು ಸಲ ಅದು ಮಂಡಿಯದೇ ತಪ್ಪು.

9ನೇ ವಾರ

ಎರ್ಗೊ ಮೇಲೆ ಕೋಚ್‌ನ 2000 ಮೀಟರ್: 7 ನಿಮಿಷ 12 ಸೆಕೆಂಡ್. ಅಂದರೆ 500 ಮೀಟರ್‌ಗೆ 1:48, 278 ವ್ಯಾಟ್. ಗುರಿ 7:00, ಅದು 302 ವ್ಯಾಟ್. ವೇಗದ ಘನಕ್ಕೆ ತಕ್ಕಂತೆ ಶಕ್ತಿ ಬೇಕು, ಹಾಗಾಗಿ ಸಮಯ ಶೇಕಡಾ 3ರಷ್ಟು ಇಳಿಯಲು ವ್ಯಾಟ್ ಶೇಕಡಾ 9ರ ಹತ್ತಿರ ಏರಬೇಕು. ಈ ಅಂಕಿಯನ್ನು ನೀರಿನ ಸಮಯದ ಪಕ್ಕ ಇಡಬಾರದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಬಲರಾಜ್ ಪನ್ವಾರ್ ಅದೇ 2000 ಮೀಟರ್‌ನ ಪುರುಷರ ಸಿಂಗಲ್‌ನಲ್ಲಿ 23ನೇ ಸ್ಥಾನ ಪಡೆದದ್ದು 7:02ರಲ್ಲಿ. ಸಿಂಗಲ್ ಬೋಟ್ ಎರ್ಗೊಗಿಂತ ಅಷ್ಟು ನಿಧಾನ. 2028ರ ಒಲಿಂಪಿಕ್ಸ್ ದೂರವೇ 1500 ಮೀಟರ್, ಆದರೂ ತಳಪಾಯ ಬದಲಾಗದು: ವಾರಕ್ಕೆ ನಾಲ್ಕು ಸಂಜೆ 20 ನಿಮಿಷದ ಮೂರು ಸುತ್ತು, ನಿಮಿಷಕ್ಕೆ 18 ಎಳೆತ, 500 ಮೀಟರ್‌ಗೆ 2:08ರಿಂದ 2:11. ಮಾತಾಡಲಾಗದಷ್ಟು ಏದುಸಿರು ಬಂದರೆ ಅದು ಜಾಸ್ತಿಯಾಯಿತು.

ಈ ವಾರ ಎಲ್ಲರಿಗೂ ಎರ್ಗೊ ಎಳೆತ ಇದ್ದಕ್ಕಿದ್ದಂತೆ ‘ಹಗುರ’ವಾಗಿತ್ತು. ದೋಷ ಕಾಲಿನದಲ್ಲ, ದೂಳಿನದು. ಗಾಳಿ ಹೊಂದಿಸುವ ಲಿವರ್ 4ರಲ್ಲೇ ಇದ್ದರೂ ಡ್ರ್ಯಾಗ್ ಫ್ಯಾಕ್ಟರ್ (ಎಳೆತಕ್ಕೆ ಗಾಳಿ ಒಡ್ಡುವ ತಡೆಯ ಅಳತೆ) 118ರಿಂದ 104ಕ್ಕೆ ಇಳಿದಿತ್ತು. ಫ್ಲೈವ್ಹೀಲ್‌ನ (ಎರ್ಗೊದ ಗಾಳಿ ಚಕ್ರ) ಜಾಲರಿ ಬಿಚ್ಚಿ ದೂಳು ಎಳೆದ ಮೇಲೆ 117. ಲಿವರಿನ ಅಂಕಿ ನಂಬಬೇಡಿ. ಮಾನಿಟರಿನಲ್ಲಿ ಡ್ರ್ಯಾಗ್ ತೆರೆದು ಹತ್ತು ಎಳೆತ ಎಳೆದು ನೋಡಿ. ಮಕ್ಕಳಿಗೆ 105, ಹೆಚ್ಚಿಟ್ಟಷ್ಟೂ ಸೊಂಟದ ಮೇಲೆ ಹೊರೆ. ಚೈನ್‌ಗೆ 50 ಗಂಟೆಗೊಮ್ಮೆ ಎಣ್ಣೆ, ಹಳಿ ದಿನಾ ಒರೆಸುವುದು.

ಬಾಕಿ ಉಳಿದದ್ದು: ಎರಡನೇ ಸಿಂಗಲ್‌ಗೆ ಹೊಸ ಫಿನ್ ಅಂಟಿಸಬೇಕು. ಅಂಟು ಒಣಗಲು ಒಂದು ರಾತ್ರಿ ಪೂರ್ತಿ ಬಿಡಬೇಕು, ಹಾಗಾಗಿ ಶನಿವಾರ ಸಂಜೆಯ ಕೆಲಸ. ದಾರಿಯ 400ನೇ ಮೀಟರಿನ ಕ್ಯಾನ್ ಕಾಣೆಯಾಗಿದೆ.