ಕೆಲಸದ ಕಾರ್ಡ್: ಏಳನೇ ಶನಿವಾರ

ಮಳೆ, ಹಬ್ಬ ಅಂತ ಎರಡು ವಾರ ತಪ್ಪಿತ್ತು. ಈ ಶನಿವಾರ ಮತ್ತೆ ಸೇಡಂ ಕಡೆಯ ಆ ಹೈಸ್ಕೂಲಿಗೆ ಹೋಗಿದ್ದೆ. ಹತ್ತನೇ ಕ್ಲಾಸಿನವರ ಜೊತೆ ಸೇರಿ ಒಂದೊಂದು ಕೆಲಸಕ್ಕೆ ಒಂದೊಂದು ಕಾರ್ಡ್ ಮಾಡುತ್ತಿದ್ದೇನೆ. ಮುಂದೆ ಕೆಲಸದ ಹೆಸರು. ಹಿಂದೆ ಮೂರೇ ಸಾಲು: ದಿನಾ ಹೋಗಿ ಏನು ಮಾಡುತ್ತಾರೆ, ಏನು ಓದಿರಬೇಕು, ಅದಕ್ಕೆ ಎಷ್ಟು ವರ್ಷ. ಈಗ 34 ಕಾರ್ಡ್ ಆಗಿವೆ.

ಮೊದಲ ದಿನ ಮುಂದೆ ಏನಾಗ್ತೀರಿ ಅಂತ ಕೇಳಿದ್ದಕ್ಕೆ ಇಡೀ ಕ್ಲಾಸಿನಿಂದ ಬಂದಿದ್ದು ಐದೇ ಉತ್ತರ. ಡಾಕ್ಟರ್, ಇಂಜಿನಿಯರ್, ಪೊಲೀಸ್, ಟೀಚರ್, ಮಿಲಿಟರಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು) ಬಂದಿದ್ದು ಇವರಿಗೆ ಬಾಯಿಪಾಠ, ಆದರೆ ಆ ತೊಗರಿ ಬೇಳೆಯಾಗುವಷ್ಟರಲ್ಲಿ ಎಷ್ಟು ಜನರ ಕೈ ದಾಟುತ್ತದೆ ಅಂದರೆ ಸುಮ್ನೆ ಮುಖ ನೋಡುತ್ತಾರೆ. "ದಾಲ್ ಮಿಲ್‌ನಾಗ ಎರಡೇ ಮಂದಿ ಸರ್, ಮಾಲಕ್ರು, ಹಮಾಲ್ರು" ಅಂದಿದ್ದ ಒಬ್ಬ.

ಅದಕ್ಕೇ ಈ ಸಲ ಹೆಡ್‌ಮಾಸ್ಟರ್ ಒಪ್ಪಿಗೆ ತಗೊಂಡು ಒಂದು ಮಿಲ್ಲಿಗೇ ಕರೆದುಕೊಂಡು ಹೋದೆ. ಧೂಳಿಗೆ ಎಲ್ಲರೂ ಸೀನಿದ್ದೇ ಸೀನಿದ್ದು. ತೂಕದ ಕಾಟಾ ನೋಡುವವರು, ಬಣ್ಣ ನೋಡಿ ಬೇಳೆ ಬೇರೆ ಮಾಡುವ ಮಷಿನ್ನಿನ ಆಪರೇಟರ್, ಮೋಟರ್ ಸುಟ್ಟರೆ ಓಡಿ ಬರುವ ಎಲೆಕ್ಟ್ರಿಷಿಯನ್, ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಕ್ಕ, ಲಾರಿ ಡ್ರೈವರ್... ಎಣಿಸಿದರೆ 11 ಕೆಲಸ. ಆಪರೇಟರ್ ಹತ್ತಿರ ಮಕ್ಕಳು ಅರ್ಧ ಗಂಟೆ ನಿಂತುಬಿಟ್ಟರು. ನನ್ನ ಭಾಷಣಕ್ಕೆ ಯಾವತ್ತೂ ಹಾಗೆ ನಿಂತಿಲ್ಲ!

ಒಂದು ತಪ್ಪು ಒಪ್ಪಿಕೊಳ್ಳಬೇಕು. ಫಿಟ್ಟರ್ ಕಾರ್ಡಿನಲ್ಲಿ "ಐಟಿಐ ಆದಮೇಲೆ ಮುಂದೆ ಓದಲಾಗದು" ಅಂತ ನಾನೇ ಬರೆದಿದ್ದೆ. ಒಬ್ಬ ಹುಡುಗಿ ಎದ್ದು "ಇಲ್ಲ ಸರ್, ನಮ್ಮಣ್ಣ ಈಗ ಡಿಪ್ಲೊಮಾ ಓದ್ಲಿಕತ್ತಾನ" ಅಂದಳು. ಅವಳದ್ದೇ ಸರಿ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು, ಅದು ಮುಗಿದ ಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ. ಬೋರ್ಡ್ ಮೇಲೆ ಕೂಡಿಸಿದೆವು: 2, 2, 3, ಒಟ್ಟು 7 ವರ್ಷ. ಪಿಯುಸಿ ಮಾಡಿ ಹೋದರೆ 6. ಒಂದೇ ವರ್ಷ ಜಾಸ್ತಿ, ಅಲ್ವಾ? ಇದು ತಿಳಿಯದೆ ಎಷ್ಟು ಜನ ಐಟಿಐ ಅಂದರೆ ಮೂಗು ಮುರಿಯುತ್ತಾರೋ, ನಾನೂ ಸೇರಿ.

371ಜೆ ಕಾರ್ಡ್ ಇನ್ನೂ ಅರ್ಧಕ್ಕೇ ನಿಂತಿದೆ. ಸಂವಿಧಾನದ ಈ ಕಲಮಿನಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಮೀಸಲಾತಿ ಇದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ಸಹಾಯಕ ಆಯುಕ್ತರ ಕಚೇರಿಯಿಂದ ಬೇರೆ ಸರ್ಟಿಫಿಕೇಟ್ ಮಾಡಿಸಬೇಕು ಅನ್ನುವುದು ಇಬ್ಬರಿಗಷ್ಟೇ ಗೊತ್ತಿತ್ತು.

ಹಾಂ, "ಎರಡೇ ಮಂದಿ" ಅಂದಿದ್ದನಲ್ಲ, ಆ ಹುಡುಗ ಹಮಾಲಿ ಕಾರ್ಡ್ ತಾನೇ ಬರೆದು ತಂದ. ಓದಿನ ಸಾಲು ಖಾಲಿ ಬಿಟ್ಟಿದ್ದಾನೆ. ಎಷ್ಟು ವರ್ಷ ಅನ್ನುವಲ್ಲಿ "22, ನಮ್ಮಪ್ಪ" ಅಂತ ಬರೆದಿದ್ದಾನೆ. ತಿದ್ದಲಿಲ್ಲ, ಹಾಗೇ ಗೋಡೆಗೆ ಅಂಟಿಸಿದೆವು. ಮುಂದಿನ ವಾರ ಲೈನ್‌ಮನ್ ಒಬ್ಬರು ಬರುತ್ತೇನೆ ಅಂದಿದ್ದಾರೆ, ಕರೆಂಟ್ ಹೋಗದಿದ್ದರೆ.