ಹಳೆಯ ಸೋರ್ಸ್, ಹೊಸ ಕಂಪೈಲರ್

ವರ್ಷಗಳಿಂದ ಯಾರೂ ಮುಟ್ಟದ ಒಂದು ಸಿ ಪ್ರೋಗ್ರಾಂ. ಸೋರ್ಸನ್ನು ಓಡುವ ಪ್ರೋಗ್ರಾಂ ಆಗಿಸುವ ಕಂಪೈಲರ್ ಜಿಸಿಸಿಯ 15ನೇ ಆವೃತ್ತಿಯಲ್ಲಿ ಅದನ್ನು ಬಿಲ್ಡ್ ಮಾಡಲು ಕೂತರೆ ಪರದೆ ತುಂಬ ಎರರ್. ಅವುಗಳಲ್ಲಿ ಓದಬೇಕಾದದ್ದು ಮೊದಲನೆಯದನ್ನು. ಉಳಿದವು ಬಹುಪಾಲು ಅದರ ಬಾಲ. ಬಿಲ್ಡ್ ನಡೆಸುವ ಮೇಕ್‌ಗೆ ‘-ಜೆ8’ (ಒಟ್ಟಿಗೆ ಎಂಟು ಕೆಲಸ) ಕೊಟ್ಟಿದ್ದರೆ ಆ ಮೊದಲನೆಯದೇ ಬೇರೆ ಫೈಲುಗಳ ಸಾಲುಗಳಲ್ಲಿ ಹೂತುಹೋಗುತ್ತದೆ. ಆದ್ದರಿಂದ ಒಂದೊಂದಾಗಿ ನಡೆಸುವ ‘-ಜೆ1’, ಜೊತೆಗೆ ಪೂರ್ತಿ ಕಮಾಂಡ್ ತೋರಿಸುವ ‘ವಿ=1’ ಹಾಕಿ ಮತ್ತೆ ಓಡಿಸಿದ್ದಾಯಿತು.

ಸಿಕ್ಕಿದ್ದು ಹೆಡರ್ ಫೈಲಿನಲ್ಲಿ (ಹಲವು ಸಿ ಫೈಲುಗಳು ಹಂಚಿಕೊಳ್ಳುವ ಘೋಷಣೆಗಳ ಫೈಲು): ‘ಬೂಲ್’ ಎಂಬ ಹೆಸರಿಗೆ ಟೈಪ್‌ಡೆಫ್, ಅಂದರೆ ಆ ಹೆಸರನ್ನು ಟೈಪ್ ಆಗಿಸುವ ಸಾಲು. ಜಿಸಿಸಿ 15 ತಾನಾಗಿಯೇ ಸಿ ಭಾಷೆಯ ಹೊಸ ಮಾನದಂಡ ಸಿ23ರ ನಿಯಮ ಹಿಡಿಯುತ್ತದೆ. ಅಲ್ಲಿ ಬೂಲ್, ಟ್ರೂ, ಫಾಲ್ಸ್ ಮೂರೂ ಭಾಷೆಯೇ ಕಾಯ್ದಿರಿಸಿದ ಕೀವರ್ಡ್‌ಗಳು, ಅವನ್ನು ಬೇರೆ ಹೆಸರಾಗಿ ಬಳಸುವಂತಿಲ್ಲ. ಫಂಕ್ಷನ್ ಹೆಸರಿನ ಮುಂದಿನ ಖಾಲಿ ಆವರಣಕ್ಕೂ ಈಗ ‘ಆರ್ಗ್ಯುಮೆಂಟ್ ಇಲ್ಲವೇ ಇಲ್ಲ’ ಎಂಬ ಅರ್ಥ, ಹಾಗಾಗಿ ಹಾಗೆ ಬರೆದ ಹಳೆಯ ಫಂಕ್ಷನ್ ಪಾಯಿಂಟರ್‌ಗಳೂ (ಫಂಕ್ಷನ್‌ನ ವಿಳಾಸ ಹಿಡಿಯುವ ವೇರಿಯಬಲ್‌ಗಳು) ಮುರಿಯುತ್ತವೆ. ಎರಡಕ್ಕೂ ಮದ್ದು ಹಳೆಯ ನಿಯಮಕ್ಕೆ ಮರಳಿಸುವ ‘-ಎಸ್‌ಟಿಡಿ=ಗ್ನು17’. ಸಿಫ್ಲ್ಯಾಗ್ಸ್ (ಕಂಪೈಲರ್‌ಗೆ ಕೊಡುವ ಆಯ್ಕೆಗಳು) ನಾವೇ ಕೊಟ್ಟರೆ, ಬಿಲ್ಡ್‌ಗೆ ಮುನ್ನ ಸಿಸ್ಟಂನಲ್ಲಿ ಏನೇನಿದೆ ಎಂದು ಪರೀಕ್ಷಿಸುವ ಕಾನ್ಫಿಗರ್ ಸ್ಕ್ರಿಪ್ಟ್ ತಾನಾಗಿ ಹಾಕುವ ‘-ಜಿ -ಒ2’ ಬಿಟ್ಟುಹೋಗುತ್ತದೆ. ಅವನ್ನೂ ಸೇರಿಸಿಯೇ ಬರೆಯಬೇಕು.

ನಿಜವಾಗಿ ಕಾಡುವುದು ಕಾನ್ಫಿಗರ್. ಡಿಕ್ಲರೇಷನ್ (ಮೊದಲೇ ಮಾಡುವ ಘೋಷಣೆ) ಇಲ್ಲದೆ ಫಂಕ್ಷನ್ ಕರೆಯುವುದು ಜಿಸಿಸಿ 13ರವರೆಗೆ ಬರೀ ವಾರ್ನಿಂಗ್, 14ರಿಂದ ಎರರ್. ಕಾನ್ಫಿಗರ್ ಒಳಗಿನ ಪುಟ್ಟ ಪರೀಕ್ಷಾ ಪ್ರೋಗ್ರಾಂಗಳೂ ಎಷ್ಟೋ ಸಲ ಹಾಗೆಯೇ ಬರೆದಂಥವು. ಅವು ಸೋತಾಗ ಕಾನ್ಫಿಗರ್ ನಿಲ್ಲುವುದಿಲ್ಲ, ‘ನೋ’ ಎಂದು ಮುಂದೆ ಹೋಗುತ್ತದೆ. ಸಿಸ್ಟಂನಲ್ಲಿ ಇರುವ ಫಂಕ್ಷನ್ ಇಲ್ಲವೆಂದು ದಾಖಲಾಗಿ, ಒಂದು ಸೌಲಭ್ಯ ಸದ್ದಿಲ್ಲದೆ ಬಿಟ್ಟುಹೋದ ಬೈನರಿ ಕೈಗೆ ಬರುತ್ತದೆ. ಇದನ್ನು ಹಿಡಿಯಲು ಒಳ್ಳೆಯ ದಾರಿ: ಎರಡು ಬೇರೆ ಡೈರೆಕ್ಟರಿಗಳಲ್ಲಿ, ಒಮ್ಮೆ ಹಾಗೆಯೇ, ಒಮ್ಮೆ ಇಂಥ ಎರರ್‌ಗಳನ್ನು ವಾರ್ನಿಂಗ್‌ಗೆ ಇಳಿಸುವ ‘-ಎಫ್‌ಪರ್ಮಿಸಿವ್’ ಕೊಟ್ಟು ಕಾನ್ಫಿಗರ್ ಓಡಿಸಿ, ಫಲಿತಾಂಶ ದಾಖಲಾಗುವ ಎರಡೂ ಕಾನ್ಫಿಗ್.ಎಚ್ ಫೈಲುಗಳನ್ನು ಡಿಫ್ ಮಾಡಿ ಹೋಲಿಸುವುದು. ವ್ಯತ್ಯಾಸ ಕಂಡ ಪ್ರತಿ ಸಾಲಿನ ಕಾರಣ ಕಾನ್ಫಿಗ್.ಲಾಗ್‌ನಲ್ಲಿ ಸಿಗುತ್ತದೆ.

ಅದೇ ‘-ಎಫ್‌ಪರ್ಮಿಸಿವ್’ ಆಯ್ಕೆಯಿಂದ ಇಡೀ ಬಿಲ್ಡ್ ದಾಟಿಸುವುದು ಮಾತ್ರ ಅಪಾಯ. ‘ಸ್ಟ್ರ್‌ಕೇಸ್‌ಸ್ಟ್ರ್’ ಪಾಯಿಂಟರ್ (ಮೆಮೊರಿಯ ವಿಳಾಸ) ಕೊಡುವ ಫಂಕ್ಷನ್. ಗ್ನುವಿನ ಹೆಚ್ಚುವರಿ ಫಂಕ್ಷನ್‌ಗಳನ್ನು ತೆರೆಯುವ ಗ್ನು ಸೋರ್ಸ್ ಮ್ಯಾಕ್ರೊ ಇಲ್ಲದಿದ್ದರೆ ಅದರ ಡಿಕ್ಲರೇಷನ್ ಸಿಗದಿರಬಹುದು. ಆಗ ಕಂಪೈಲರ್ ಅದು ಇಂಟ್ (32 ಬಿಟ್ ಪೂರ್ಣಾಂಕ) ಕೊಡುತ್ತದೆಂದು ಊಹಿಸುತ್ತದೆ, 64 ಬಿಟ್ ವಿಳಾಸದಲ್ಲಿ 32 ಬಿಟ್ ಕತ್ತರಿಸಿಹೋಗುತ್ತದೆ, ಪ್ರೋಗ್ರಾಂ ಓಡುವಾಗ ಕುಸಿಯುತ್ತದೆ. ಹೆಡರ್ ಅಥವಾ ಮ್ಯಾಕ್ರೊ ಸೇರಿಸುವುದೇ ಸರಿ. ಆ ಎರರ್ ನಮ್ಮನ್ನು ಕಾಪಾಡಲೆಂದೇ ಬಂದದ್ದು.

ಕಂಪೈಲ್ ಆದ ಫೈಲುಗಳನ್ನು ಜೋಡಿಸುವ ಲಿಂಕ್ ಹಂತದ ‘ಮಲ್ಟಿಪಲ್ ಡೆಫಿನಿಷನ್’ ಎರರ್ ಜಿಸಿಸಿ 10ರಿಂದ ಬಂದ ಬದಲಾವಣೆಯ ಫಲ: ಹೆಡರ್‌ನಲ್ಲಿ ಎಕ್ಸ್‌ಟರ್ನ್ ಇಲ್ಲದ ಗ್ಲೋಬಲ್ ವೇರಿಯಬಲ್. ಎಕ್ಸ್‌ಟರ್ನ್ ಹಾಕಿ, ಒಂದೇ ಸಿ ಫೈಲಿನಲ್ಲಿ ಡಿಫೈನ್ ಮಾಡಿದರೆ ಮುಗಿಯಿತು. ‘-ಎಫ್‌ಕಾಮನ್’ ಕೊಟ್ಟು ಹಳೆಯ ವರ್ತನೆಗೆ ಮರಳುವುದು ತಾತ್ಕಾಲಿಕ ಉಪಾಯ.

ಸಿ ಪ್ಲಸ್ ಪ್ಲಸ್ ಆದರೆ, ಜಿಸಿಸಿ 13ರಲ್ಲಿ ‘ಯುಇಂಟ್32_ಟಿ’ ಟೈಪ್ ಗೊತ್ತಿಲ್ಲ ಎಂಬ ದೂರಿಗೆ ‘ಸಿಸ್ಟ್ಡ್‌ಇಂಟ್’ ಹೆಡರ್ ಸೇರಿಸಿದರೆ ಸಾಕು.

ಕಂಪೈಲರ್ ಬದಲಿಸಿದಾಗಲೆಲ್ಲ ಹೊಸ ಬಿಲ್ಡ್ ಡೈರೆಕ್ಟರಿ ಬೇಕು. ಇನ್ನೊಂದು ಬಿಲ್ಡ್ ಸಾಧನವಾದ ಸಿಮೇಕ್ ತನ್ನ ಕ್ಯಾಶ್‌ನಲ್ಲಿ ಹಳೆಯ ಕಂಪೈಲರ್‌ನ ದಾರಿಯನ್ನೇ ಇಟ್ಟುಕೊಂಡಿರುತ್ತದೆ. ಪ್ಯಾಚ್ ಬರೆಯುವ ಮೊದಲು ಮೂಲ ರೆಪೊಸಿಟರಿಯ ಇತ್ತೀಚಿನ ಕಮಿಟ್‌ಗಳನ್ನೊಮ್ಮೆ ನೋಡಬೇಕು. ಅದೇ ತಿದ್ದುಪಡಿ ಅಲ್ಲಿ ಈಗಾಗಲೇ ಇದ್ದರೆ ಆ ಒಂದು ಕಮಿಟ್ಟನ್ನೇ ಆರಿಸಿ ತಂದುಕೊಳ್ಳಬಹುದು (ಚೆರ್ರಿಪಿಕ್).